ಪ್ರಾಯವನ್ನು ದೂರುವ ಮೊದಲು ಮದ್ದಿನ ಚೀಲ ನೋಡೋಣ



ಜುಲೈ ತಿಂಗಳ ನಾಲ್ಕನೆಯ ಆದಿತ್ಯವಾರವನ್ನು ನಮ್ಮ ಧರ್ಮಸಭೆ ಅಜ್ಜ-ಅಜ್ಜಿಯಂದಿರ ಮತ್ತು ಹಿರಿಯರ ದಿನವೆಂದು ಆಚರಿಸುತ್ತದೆ. ಪೋಪ್ ಫ್ರಾನ್ಸಿಸರು 2021ರಲ್ಲಿ ಇದನ್ನು ಆರಂಭಿಸಿದರು. ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುವುದರಿಂದ ಅದರ ಹತ್ತಿರದ ದಿನವನ್ನು ಆರಿಸಲಾಯಿತು. ಆ ದಿನ ನಾವು ಇಗರ್ಜಿಯಲ್ಲಿ ಹಿರಿಯರಿಗೆ ಹೂ ಕೊಡುತ್ತೇವೆ, ಪೂಜೆಯ ಬಳಿಕ ಚಾ ತಿಂಡಿ ಕೊಡುತ್ತೇವೆ, ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಎಲ್ಲವೂ ಒಳ್ಳೆಯದೇ. ಆದರೆ ಮನೆಗೆ ಹೋದ ಮೇಲೆ ಆ ಹಿರಿಯರು ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಾರೆ, ಯಾವುದನ್ನು ಯಾತಕ್ಕಾಗಿ ನುಂಗುತ್ತಾರೆ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಟ್ಟೇವು? ಈ ಸಲದ ಅಂಕಣವನ್ನು ಈ ಪ್ರಶ್ನೆಗೇ ಮೀಸಲಿಡುತ್ತಿದ್ದೇವೆ.

ನಮಗೆ ತಿಳಿದ ಒಂದು ಮನೆಯ ಸಂಗತಿಯನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಹೇಳುತ್ತೇವೆ. ಅಜ್ಜಿಗೆ ಎಪ್ಪತ್ತೆಂಟು ದಾಟಿತ್ತು. ಅವರ ವಾಳೆಯಲ್ಲಿ ಜಪಸರ ಹೇಳಿಸುವವರು ಅವರೇ. ಯಾವ ದಿನಕ್ಕೆ ಯಾವ ರಹಸ್ಯಗಳು ಎಂದು ಪುಸ್ತಕ ನೋಡುವ ಪದ್ಧತಿ ಅವರಿಗಿರಲಿಲ್ಲ. ಒಂದು ಮಳೆಗಾಲದಲ್ಲಿ ಅವರು ದುಃಖದ ರಹಸ್ಯಗಳ ನಡುವೆ ನಿಂತುಬಿಟ್ಟರು. ಮತ್ತೆ ಕೆಲವು ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು, ಪೂಜೆಗೆ ಹೊತ್ತಾಯಿತೆಂದು ಸೀರೆ ಉಡತೊಡಗಿದರು. ಅಂಗಳದಲ್ಲಿ ಯಾರದೋ ಮಗು ಮಳೆಯಲ್ಲಿ ನೆನೆಯುತ್ತಿದೆ, ಒಳಗೆ ಕರೆಯಿರಿ ಎಂದು ಹಟ ಹಿಡಿದರು. ಅಂಗಳದಲ್ಲಿ ಮಗುವೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಒಂದು ಮುಂಜಾನೆ ಬಚ್ಚಲಿನ ಬಾಗಿಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

"ಎಂತ ಮಾಡುವುದು, ಪ್ರಾಯ ಆಯಿತಲ್ಲ, ಅರಳುಮರಳು" ಎಂದರು ನೆರೆಯವರು. ಮಗ ಸೊಸೆಯೂ ಹಾಗೆಯೇ ನಂಬಿದರು. ರಾತ್ರಿಯ ಗಲಾಟೆ ತಡೆಯಲಾರದೆ ನಿದ್ರೆಗೆ ಇನ್ನೊಂದು ಮಾತ್ರೆ ಕೇಳುವುದೆಂದೂ, ಆಗದಿದ್ದರೆ ಧರ್ಮಭಗಿನಿಯರು ನಡೆಸುವ ಯಾವುದಾದರೂ ಆಶ್ರಮದಲ್ಲಿ ವಿಚಾರಿಸುವುದೆಂದೂ ಮಾತಾಯಿತು. ಅಷ್ಟರಲ್ಲಿ ಗಲ್ಫಿನಲ್ಲಿ ನರ್ಸ್ ಆಗಿರುವ ಮೊಮ್ಮಗಳು ರಜೆಯಲ್ಲಿ ಬಂದಳು. ಅವಳು ಮಾಡಿದ ಮೊದಲ ಕೆಲಸ ಅಜ್ಜಿಯ ಮದ್ದಿನ ಚೀಲವನ್ನು ಊಟದ ಮೇಜಿನ ಮೇಲೆ ಸುರಿದದ್ದು.

ಚೀಲದಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲದೆ ಇನ್ನೂ ಮೂರು ಇದ್ದವು. ಮೂತ್ರ ತಡೆಯಲಾಗುವುದಿಲ್ಲವೆಂದು ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ ಬರೆದುಕೊಟ್ಟ ಆಕ್ಸಿಬ್ಯುಟಿನಿನ್. ಪಾದದ ಉರಿಗೆಂದು ಗಡಿಯ ಈಚೆಯ ವೈದ್ಯರೊಬ್ಬರು ಕೊಟ್ಟ ಅಮಿಟ್ರಿಪ್ಟಿಲಿನ್. ಶೀತವೆಂದು ಪೇಟೆಯ ಮದ್ದಿನಂಗಡಿಯಿಂದ ತಂದು ಮೂರು ವಾರಗಳಿಂದ ದಿನಕ್ಕೆರಡು ನುಂಗುತ್ತಿದ್ದ, ಕ್ಲೋರ್‌ಫೆನಿರಮಿನ್ ಸೇರಿದ ಮಾತ್ರೆ. ಮೂರೂ ಬೇರೆ ಬೇರೆ ರೋಗಕ್ಕೆ, ಬೇರೆ ಬೇರೆ ಕೈಯಿಂದ ಬಂದವು. ಆದರೆ ಮೂರೂ ಒಂದೇ ಗುಣದವು. ಮೂರಕ್ಕೂ ಆಂಟಿಕೋಲಿನರ್ಜಿಕ್ ಎಂಬ ಗುಣವಿದೆ. ಕೊಟ್ಟವರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ. ಮೂರೂ ಒಂದೇ ಹೊಟ್ಟೆಗೆ ಹೋಗುತ್ತಿವೆ ಎಂಬುದನ್ನು ನೋಡುವವರು ಮಾತ್ರ ಯಾರೂ ಇರಲಿಲ್ಲ.

ಈ ಮದ್ದುಗಳು ಮಾಡುವುದೇನು?

ನಮ್ಮ ದೇಹದಲ್ಲಿ ನರಗಳು ಅಂಗಾಂಗಗಳಿಗೆ ಅಪ್ಪಣೆ ಕೊಡುವುದು ಕೆಲವು ರಾಸಾಯನಿಕಗಳ ಮೂಲಕ. ಅವುಗಳಲ್ಲಿ ಒಂದು ಅಸಿಟೈಲ್‌ಕೋಲಿನ್. ನರದ ತುದಿಯಿಂದ ಹೊರಟ ಇಂತಹ ವಸ್ತುವೊಂದು ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ ಎಂದು ಆಟೊ ಲೋವಿ ಎಂಬ ವಿಜ್ಞಾನಿ 1921ರಲ್ಲಿ ಕಪ್ಪೆಗಳ ಹೃದಯವನ್ನಿಟ್ಟು ತೋರಿಸಿಕೊಟ್ಟರು. ಹೆನ್ರಿ ಡೇಲ್ ಅವರೊಂದಿಗೆ 1936ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯಲ್ಲಿ ಬೆವರು, ಕರುಳಿನ ಚಲನೆ, ಮೂತ್ರಕೋಶದ ಹಿಂಡುವಿಕೆ, ಕಣ್ಣಿನ ಪಾಪೆ ಕಿರಿದಾಗುವುದು, ಇವೆಲ್ಲ ಈ ದೂತನ ಅಪ್ಪಣೆಯಿಂದ ನಡೆಯುವ ಕೆಲಸಗಳು. ಮಿದುಳಿನಲ್ಲಿ ನೆನಪು ಮತ್ತು ಗಮನ ಇರುವುದಕ್ಕೂ ಇವನು ಬೇಕು.

ಆಂಟಿಕೋಲಿನರ್ಜಿಕ್ ಮದ್ದು ಈ ದೂತನನ್ನು ಕೊಲ್ಲುವುದಿಲ್ಲ. ಅವನು ಕೀಲಿಕೈ ಹಾಕಬೇಕಾದ ಬೀಗದ ಕಿಂಡಿಯಲ್ಲಿ ತಾನು ಹೋಗಿ ಕುಳಿತುಕೊಳ್ಳುತ್ತದೆ. ದೂತ ಬಂದರೂ ಬಾಗಿಲು ತೆರೆಯದು. ಹಾಗಾಗಿ ಜೊಲ್ಲು ಬತ್ತುತ್ತದೆ, ಬೆವರು ನಿಲ್ಲುತ್ತದೆ, ಕರುಳು ಸುಮ್ಮನಾಗುತ್ತದೆ, ಮೂತ್ರಕೋಶ ಸಡಿಲವಾಗುತ್ತದೆ, ಪಾಪೆ ಹಿಗ್ಗುತ್ತದೆ, ಎದೆಬಡಿತ ಏರುತ್ತದೆ. ಒಬ್ಬ ರೋಗಿಗೆ ಇವುಗಳಲ್ಲಿ ಒಂದು ಬೇಕಾಗಿರುತ್ತದೆ. ಆದರೆ ಮದ್ದು ಅದೊಂದನ್ನೇ ಮಾಡಿ ಬಿಡುವುದಿಲ್ಲ, ಉಳಿದದ್ದನ್ನೂ ಸ್ವಲ್ಪ ಸ್ವಲ್ಪ ಮಾಡುತ್ತದೆ. ತೋಟದಲ್ಲಿ ಒಂದು ಮರದ ಬುಡಕ್ಕೆಂದು ತೋಡಿನ ನೀರನ್ನು ಕಟ್ಟಿದರೆ ಕೆಳಗಿನ ಸಾಲಿಗೆಲ್ಲ ನೀರು ಇಲ್ಲದಾಗುವುದಿಲ್ಲವೇ? ಹಾಗೆಯೇ ಇದು.

ಉಮ್ಮತ್ತಿ ಗಿಡದಿಂದ ಹೊಲದ ವಿಷದವರೆಗೆ

ಈ ಮದ್ದುಗಳು ಎಲ್ಲಿಂದಲೋ ಬಂದ ಹೊಸ ವಸ್ತುಗಳಲ್ಲ. ದಾರಿಯ ಬದಿಯಲ್ಲಿ ಬೆಳೆಯುವ ದತ್ತೂರ, ಅಂದರೆ ಉಮ್ಮತ್ತಿ ಗಿಡದಲ್ಲಿ ಇರುವುದೂ ಇದೇ ಜಾತಿಯ ರಸ. ಅದರ ಬೀಜ ತಿಂದವರು ಬಾಯಿ ಒಣಗಿ, ಮೈ ಕಾದು, ಕಣ್ಣು ಮಂಜಾಗಿ, ಇಲ್ಲದ್ದನ್ನು ಕಂಡು ಬಡಬಡಿಸುವುದನ್ನು ನಮ್ಮ ಹಿರಿಯರು ಬಲ್ಲರು. ಯುರೋಪಿನ ಬೆಲ್ಲಡೋನ ಗಿಡದಿಂದ 1830ರ ದಶಕದಲ್ಲಿ ವಿಜ್ಞಾನಿಗಳು ಅಟ್ರೊಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ದಮ್ಮಿಗೆ ದತ್ತೂರದ ಹೊಗೆ ಸೇದುವ ನಮ್ಮ ದೇಶದ ಪದ್ಧತಿ 1802ರ ಸುಮಾರಿಗೆ ಮದರಾಸಿನಿಂದ ಬ್ರಿಟನ್ನಿಗೆ ಹೋಯಿತು. ಇಂದು ಉಬ್ಬಸದ ಮತ್ತು ಬೀಡಿ ದಮ್ಮಿನ ರೋಗಿಗಳು ಸೇದುವ ಇಪ್ರಟ್ರೋಪಿಯಂ, ಟಯೋಟ್ರೋಪಿಯಂ ಇನ್‌ಹೇಲರುಗಳು ಆ ವಂಶದ ಸುಧಾರಿಸಿದ ಮಕ್ಕಳು. ಹಾಗೆಂದು ಯಾರೂ ಉಮ್ಮತ್ತಿಯನ್ನು ಮನೆಮದ್ದಾಗಿ ಬಳಸಬಾರದು. ಯಾವ ಗಿಡದಲ್ಲಿ, ಯಾವ ಬೀಜದಲ್ಲಿ ಎಷ್ಟು ವಿಷವಿದೆ ಎಂದು ಕಣ್ಣಿಂದ ಅಳೆಯಲಾಗದು.

ಕೃಷಿಕರಾದ ನಮಗೆ ಅಟ್ರೊಪಿನ್ ಇನ್ನೊಂದು ಕಾರಣಕ್ಕೂ ಗೊತ್ತಿರಬೇಕು. ಅಡಿಕೆಯ ಬೇರುಹುಳಕ್ಕೆ ಬಳಸುತ್ತ ಬಂದ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್ ಮುಂತಾದ ಆರ್ಗನೋಫಾಸ್ಫೇಟ್ ಕೀಟನಾಶಕಗಳೂ ಕಾರ್ಬಮೇಟ್ ಜಾತಿಯವೂ ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತವೆ. ಕೆಲಸ ಮುಗಿಸಿದ ಅಸಿಟೈಲ್‌ಕೋಲಿನನ್ನು ದೇಹ ಒಂದು ಕಿಣ್ವದಿಂದ ಒಡೆದುಹಾಕುತ್ತದೆ. ವಿಷವು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ದೂತನು ಹೋಗಲೊಲ್ಲದೆ ಬಾಗಿಲು ಬಡಿಯುತ್ತಲೇ ಇರುತ್ತಾನೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬೆವರು ಹರಿಯುತ್ತದೆ, ವಾಂತಿ ಭೇದಿಯಾಗುತ್ತದೆ, ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಅಟ್ರೊಪಿನನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಎದೆ ಒಣಗಿ ಉಸಿರು ಸರಾಗವಾಗುವವರೆಗೆ ನಿಮಿಷಗಳ ಅಂತರದಲ್ಲಿ ಪ್ರಮಾಣ ಏರಿಸುತ್ತ ಹೋಗುತ್ತಾರೆ. ಮಾಮೂಲು ಹೊತ್ತಿನಲ್ಲಿ ಒಬ್ಬನನ್ನು ಹುಚ್ಚನನ್ನಾಗಿಸುವಷ್ಟು ಮದ್ದು ಅಲ್ಲಿ ಅವನ ಪ್ರಾಣ ಉಳಿಸುತ್ತದೆ.

ಆದುದರಿಂದ ಸಿಂಪಡಿಸುವಾಗ ಯಾರಿಗಾದರೂ ಹೀಗಾದರೆ ಬಟ್ಟೆ ತೆಗೆದು, ಸೋಪು ನೀರಿನಿಂದ ಮೈ ತೊಳೆದು, ವಿಷದ ಡಬ್ಬಿಯ ಲೇಬಲನ್ನು ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಒತ್ತಾಯದಿಂದ ವಾಂತಿ ಮಾಡಿಸಬಾರದು. ಮುಂಜಾಗ್ರತೆಯೆಂದು ಮೊದಲೇ ಅಟ್ರೊಪಿನ್ ಮಾತ್ರೆ ನುಂಗಿ ಸಿಂಪಡಣೆಗೆ ಹೋಗುವುದು ತಪ್ಪು. ಅದು ವಿಷದ ಮೊದಲ ಸೂಚನೆಗಳನ್ನು ಮುಚ್ಚಿಹಾಕುತ್ತದೆ, ಬಿಸಿಲಿನಲ್ಲಿ ಬೆವರನ್ನೂ ತಡೆಯುತ್ತದೆ. ಎಲ್ಲ ವಿಷಕ್ಕೂ ಅಟ್ರೊಪಿನ್ ಮದ್ದಲ್ಲ ಎಂಬುದನ್ನೂ ನೆನಪಿಡಬೇಕು. ನಮ್ಮ ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಬೇರೆಯೇ ಜಾತಿಯದು. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ತಡೆಯಿತು. ಅದೇ ವರ್ಷ ಕೇರಳ ಸರಕಾರ ಕಾರ್ಬೋಫ್ಯುರಾನ್, ಫೋರೇಟ್, ಮೊನೊಕ್ರೊಟೊಫಾಸ್ ಸೇರಿದಂತೆ ಹಲವು ಉಗ್ರ ವಿಷಗಳನ್ನು ನಿಷೇಧಿಸಿತು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತು ಮತ್ತು ಸುಣ್ಣದ್ದು. ಅದಕ್ಕೂ ಅಟ್ರೊಪಿನಿಗೂ ಸಂಬಂಧವಿಲ್ಲ. ಡಬ್ಬಿಯ ಲೇಬಲ್ ಒಯ್ಯಿರಿ ಎನ್ನುವುದು ಇದಕ್ಕಾಗಿಯೇ.

ಒಳ್ಳೆಯ ಮದ್ದು, ಕೆಟ್ಟ ಒಟ್ಟುಗೂಡಿಕೆ

ಮದ್ದು ಬೇಡವೆನ್ನುವ ವಾದ ನಮ್ಮದಲ್ಲ. ಹೊಟ್ಟೆನೋವಿನಿಂದ ಮುದುಡಿ ಮಲಗಿದವರಿಗೆ ಡೈಸೈಕ್ಲೊಮಿನ್ ಅಥವಾ ಹಯೋಸಿನ್ ಎಷ್ಟು ಸುಖ ಕೊಡುತ್ತದೆಂದು ಅನುಭವಿಸಿದವರಿಗೆ ಗೊತ್ತು. ಮಾನಸಿಕ ಕಾಯಿಲೆಯ ಮದ್ದಿನಿಂದ ಮೈ ಬಿಗಿದವರಿಗೆ ಟ್ರೈಹೆಕ್ಸಿಫೆನಿಡಿಲ್ ಬೇಕಾಗುತ್ತದೆ. ನಿಮಿಷಕ್ಕೊಮ್ಮೆ ಮೂತ್ರಕ್ಕೆ ಓಡಬೇಕಾದುದರಿಂದ ಇಗರ್ಜಿಗೂ ಮದುವೆಗೂ ಹೋಗುವುದನ್ನೇ ಬಿಟ್ಟ ಹೆಂಗಸರಿಗೆ ಟಾಲ್ಟೆರೊಡಿನ್, ಸಾಲಿಫೆನಾಸಿನ್ ಮುಂತಾದವು ಮರಳಿ ಹೊರಗೆ ಬರುವ ಧೈರ್ಯ ಕೊಟ್ಟಿವೆ. ಕಣ್ಣಿನ ಪರೀಕ್ಷೆಗೆ ಪಾಪೆ ಹಿಗ್ಗಿಸುವ ಹನಿ, ಎದೆಬಡಿತ ತೀರಾ ನಿಧಾನವಾದಾಗ ಕೊಡುವ ಚುಚ್ಚುಮದ್ದು, ಎಲ್ಲವೂ ಈ ಕುಟುಂಬದವು. ಇನ್‌ಹೇಲರಿನಲ್ಲಿ ಎಳೆದುಕೊಳ್ಳುವ ಮದ್ದು ಹೆಚ್ಚಿನಂಶ ಎದೆಯಲ್ಲೇ ಕೆಲಸ ಮಾಡುವುದರಿಂದ ಅದರಿಂದ ಮಿದುಳಿಗೆ ತೊಂದರೆ ಕಡಿಮೆ. ಈ ಅಂಕಣ ಓದಿ ಯಾರೂ ತಮ್ಮ ಇನ್‌ಹೇಲರನ್ನು ಬಿಸಾಡಬಾರದು.

ತೊಂದರೆ ಬರುವುದು ಒಟ್ಟುಗೂಡಿದಾಗ. ಯುವಕನಿಗೆ ಬರೀ ಬಾಯಿ ಒಣಗಿಸುವ ಮಾತ್ರೆ ಎಪ್ಪತ್ತೈದರ ಅಜ್ಜನಿಗೆ ಬೇರೆಯೇ ಆಗಿ ಪರಿಣಮಿಸುತ್ತದೆ. ಪ್ರಾಯವಾದವರ ಮೂತ್ರಪಿಂಡ ಮತ್ತು ಯಕೃತ್ತು ಮದ್ದನ್ನು ನಿಧಾನವಾಗಿ ಹೊರಹಾಕುತ್ತವೆ. ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಮೊದಲೇ ಕಡಿಮೆಯಾಗಿರುತ್ತದೆ. ಅಂಥವರಿಗೆ ಬಾಯಿ ಒಣಗಿ ಹಲ್ಲುಸೆಟ್ಟು ನಿಲ್ಲುವುದಿಲ್ಲ, ಅನ್ನ ನುಂಗಲಾಗುವುದಿಲ್ಲ. ವಾರಗಟ್ಟಲೆ ಮಲಬದ್ಧತೆ ಕಾಡುತ್ತದೆ. ಪ್ರೊಸ್ಟೇಟ್ ಗ್ರಂಥಿ ಊದಿದ ಗಂಡಸರಿಗೆ ಒಂದು ರಾತ್ರಿಯ ಶೀತದ ಮಾತ್ರೆಯಿಂದ ಮೂತ್ರವೇ ಕಟ್ಟಿ ನಳಿಕೆ ಹಾಕಿಸಿಕೊಳ್ಳಬೇಕಾಗಬಹುದು. ಕೆಲವು ಬಗೆಯ ಗ್ಲುಕೋಮಾ ಇರುವವರಿಗೆ ಕಣ್ಣಿನ ಒತ್ತಡ ಒಮ್ಮೆಲೇ ಏರಿ ದೃಷ್ಟಿಗೇ ಅಪಾಯ ಬರಬಹುದು. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆವರು ಬಾರದೆ ಮೈ ಕಾಯುತ್ತದೆ. ನೋಟ ಮಂಜಾಗಿ, ತಲೆ ತೂಗಿ ಬೀಳುತ್ತಾರೆ. ಇನ್ನು ಮರೆವು, ಗಲಿಬಿಲಿ, ಸಂಜೆಯ ಮೇಲೆ ಇಲ್ಲದ್ದನ್ನು ಕಾಣುವುದು. ಇದನ್ನೇ ನಾವು ಅರಳುಮರಳು ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ.

ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿಯೇ ಹಿರಿಯರಿಗೆ ಸಾಧ್ಯವಾದಷ್ಟು ಕೊಡಬಾರದ ಮದ್ದುಗಳ ಪಟ್ಟಿ ಮಾಡಿದರು. ಅದನ್ನು ಅಲ್ಲಿಯ ವೃದ್ಧರೋಗ ತಜ್ಞರ ಸಂಘ ಪರಿಷ್ಕರಿಸುತ್ತ ಬಂದಿದ್ದು, 2023ರಲ್ಲಿಯೂ ಹೊಸ ಆವೃತ್ತಿ ಬಂತು. ಕ್ಲೋರ್‌ಫೆನಿರಮಿನ್, ಪ್ರೊಮೆಥಜಿನ್, ಹೈಡ್ರಾಕ್ಸಿಜಿನ್, ಅಮಿಟ್ರಿಪ್ಟಿಲಿನ್ ಮುಂತಾದವು ಅದರಲ್ಲಿವೆ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ 65 ದಾಟಿದ 3,434 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಗುಣದ ಪ್ರಬಲ ಮದ್ದುಗಳನ್ನು ಹೆಚ್ಚು ಕಾಲ ಹೆಚ್ಚು ಪ್ರಮಾಣದಲ್ಲಿ ಸೇವಿಸಿದವರಲ್ಲಿ ಮರೆಗುಳಿತನ ಹೆಚ್ಚಾಗಿ ಕಂಡುಬಂತು. ಬ್ರಿಟನ್ನಿನಲ್ಲಿ 58,769 ಮರೆಗುಳಿ ರೋಗಿಗಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಿನ್ನತೆಯ, ಮೂತ್ರಕೋಶದ ಮತ್ತು ಪಾರ್ಕಿನ್ಸನ್ ರೋಗದ ಕೆಲವು ಮದ್ದುಗಳಿಗೆ ಇಂತಹ ನಂಟು ಕಂಡಿತು. ಶೀತ ಅಲರ್ಜಿಯ ಮತ್ತು ಹೊಟ್ಟೆನೋವಿನ ಮದ್ದುಗಳಿಗೆ ಅಲ್ಲಿ ಆ ನಂಟು ಕಾಣಲಿಲ್ಲ. ನಂಟು ಕಂಡ ಮಾತ್ರಕ್ಕೆ ಮದ್ದೇ ಶಾಶ್ವತ ಮರೆವಿಗೆ ಕಾರಣವೆಂದು ಸಿದ್ಧವಾಗುವುದಿಲ್ಲ. ಆ ವಿಚಾರ ವಿಜ್ಞಾನಿಗಳಿಗಿರಲಿ. ಆದರೆ ಮದ್ದು ಹೊಟ್ಟೆಯಲ್ಲಿರುವಷ್ಟು ದಿನ ಮನಸ್ಸು ಮಂಕಾಗಬಹುದು, ಮದ್ದು ಇಳಿಸಿದಾಗ ತಿಳಿಯಾಗಬಹುದು ಎಂಬುದರಲ್ಲಿ ಸಂಶಯವಿಲ್ಲ.

ಒಂದು ಮದ್ದಿನ ತೊಂದರೆಗೆ ಇನ್ನೊಂದು ಮದ್ದು ಸೇರಿಸುತ್ತ ಹೋಗುವ ಸರಪಳಿಯೂ ಇದೆ. ತಲೆಸುತ್ತಿಗೆಂದು ಸಿನ್ನರಿಜಿನ್ ತಿಂಗಳುಗಟ್ಟಲೆ ನುಂಗಿದ ಕೆಲವು ಹಿರಿಯರಿಗೆ ಕೈ ನಡುಗತೊಡಗುತ್ತದೆ. ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಬರುತ್ತದೆ. ಅದರಿಂದ ಗಲಿಬಿಲಿಯಾಗುತ್ತದೆ. ಗಲಿಬಿಲಿಗೆ ನಿದ್ರೆಮಾತ್ರೆ ಬರುತ್ತದೆ. ಹಾಗೆಯೇ ಮರೆಗುಳಿತನಕ್ಕೆ ಕೊಡುವ ಡೊನೆಪೆಜಿಲ್ ಅಸಿಟೈಲ್‌ಕೋಲಿನನ್ನು ಹೆಚ್ಚಿಸುವ ಮದ್ದು. ಅದರಿಂದ ಕೆಲವರಿಗೆ ಮೂತ್ರ ತಡೆಯಲಾಗುವುದಿಲ್ಲ. ಅದಕ್ಕೆಂದು ಆಕ್ಸಿಬ್ಯುಟಿನಿನ್ ಸೇರಿಸಿದರೆ ಒಂದು ಕೈಯಿಂದ ನೀರು ಹೊಯ್ದು ಇನ್ನೊಂದು ಕೈಯಿಂದ ಬಸಿದಂತೆ. ಎರಡಕ್ಕೂ ದುಡ್ಡು ಕೊಡುವವರು ನಾವೇ.

ನಮ್ಮ ಗಡಿನಾಡಿನ ತೊಡಕು

ಈ ತೊಂದರೆ ಎಲ್ಲ ಊರುಗಳಲ್ಲೂ ಇದೆ. ಆದರೆ ಗಡಿನಾಡಿನ ನಮಗೆ ಅದು ಇಮ್ಮಡಿ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಆದರೂ ಕಾಯಿಲೆ ಜೋರಾದರೆ ನಮ್ಮ ಕಾಲು ಮಂಗಳೂರಿನ ಕಡೆಗೇ ತಿರುಗುತ್ತದೆ. ಸಣ್ಣ ಕಾಯಿಲೆಗೆ ಇಲ್ಲಿನ ಸರಕಾರಿ ಆಸ್ಪತ್ರೆ, ದೊಡ್ಡದಕ್ಕೆ ಅಲ್ಲಿಯ ದೊಡ್ಡಾಸ್ಪತ್ರೆ, ನಡುವೆ ಹತ್ತಿರದ ಮದ್ದಿನಂಗಡಿ. ಎರಡು ರಾಜ್ಯದ ಚೀಟಿಗಳು ಒಂದನ್ನೊಂದು ನೋಡುವುದೇ ಇಲ್ಲ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಎಷ್ಟೋ ಮಂದಿ ಹಳೆಯ ಚೀಟಿ ಹಿಡಿದು ಅದೇ ಮಾತ್ರೆ ತರಿಸಿಕೊಂಡರು. ಆಗಿನ ಆ ಅಭ್ಯಾಸ ಕೆಲವು ಮನೆಗಳಲ್ಲಿ ಇನ್ನೂ ಬಿಟ್ಟಿಲ್ಲ.

ಇನ್ನು ಭಾಷೆಯ ಮಾತು. ಮಾತ್ರೆಯ ಮೇಲೆ ಇಂಗ್ಲಿಷ್. ಕೌಂಟರಿನಲ್ಲಿ ಹೇಳುವುದು ಮಲಯಾಳದಲ್ಲಿ. ಅಜ್ಜಿ ಮನೆಯಲ್ಲಿ ಮಾತಾಡುವುದು ಕೊಂಕಣಿ ಅಥವಾ ತುಳು, ಓದುವುದು ಕನ್ನಡ. "ರಾತ್ರಿ ಮಾತ್ರ, ಐದು ದಿನ ಮಾತ್ರ" ಎಂದು ಹೇಳಿದ್ದು ಮನೆ ಮುಟ್ಟುವಾಗ "ರಾತ್ರಿ" ಎಂಬಷ್ಟೇ ಉಳಿಯುತ್ತದೆ. ಐದು ದಿನದ ಮಾತ್ರೆ ಐದು ತಿಂಗಳು ಹೋಗುತ್ತದೆ. ಇದು ಅಜ್ಜಿಯ ದಡ್ಡತನವಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಅರ್ಜಿ ಬರೆಯಲು ಕನ್ನಡ ಸಲ್ಲುವುದಾದರೆ ಮದ್ದಿನ ಲಕೋಟೆಯ ಮೇಲೆ ಎರಡು ಸಾಲು ಕನ್ನಡ ಬರೆದುಕೊಡಿ ಎಂದು ಕೇಳಲು ನಮಗೇಕೆ ಸಂಕೋಚ? ಶಾಲೆಗೆ, ನಾಮಫಲಕಕ್ಕೆ ಹೋರಾಡಿದ ನಾವು ಮದ್ದಿನ ಲಕೋಟೆಯ ವಿಷಯದಲ್ಲಿ ಸುಮ್ಮನಿದ್ದೇವೆ.

ಮದ್ದಿನಂಗಡಿಯವರನ್ನು ಬಯ್ಯುವುದು ಸುಲಭ. ಆದರೆ ಜಡಿಮಳೆಯಲ್ಲಿ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸಿ ಕಾಯುವ ಬದಲು ಹತ್ತು ರೂಪಾಯಿಯ ಶೀತದ ಮಾತ್ರೆ ಕೊಡಿ ಎಂದು ಕೈಚಾಚುವವರು ನಾವೇ. ನಮ್ಮ ದೇಶದ ಔಷಧ ನಿಯಮಗಳ ಜಿ ಅನುಸೂಚಿಯಲ್ಲಿ ಅಲರ್ಜಿ ನಿವಾರಕ ಮದ್ದುಗಳು ಸೇರಿವೆ. ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯವೆಂಬ ಎಚ್ಚರಿಕೆ ಅವುಗಳ ಮೇಲೆ ಇರಬೇಕೆಂಬುದು ಆ ನಿಯಮ. ಮಕ್ಕಳ ವಿಷಯದಲ್ಲಿ ಇನ್ನೂ ಬಿಗಿ. ಕ್ಲೋರ್‌ಫೆನಿರಮಿನ್ ಮತ್ತು ಫೀನೈಲ್ಎಫ್ರಿನ್ ಸೇರಿದ ಶೀತದ ಮದ್ದನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚನೆ ಹೊರಡಿಸಿದರು. ಆರು ತಿಂಗಳೊಳಗಿನ ಮಗು ಹೊಟ್ಟೆನೋವಿನಿಂದ ಅತ್ತರೆ ಡೈಸೈಕ್ಲೊಮಿನ್ ಹನಿ ಹಾಕಲೇಬಾರದು, ಉಸಿರಿಗೇ ಕುತ್ತು ಬಂದೀತು.

ನಾವು ಮಾಡಬಹುದಾದದ್ದು

ಕೆಲವರು ಹೇಳುತ್ತಾರೆ, ಇದೆಲ್ಲ ವೈದ್ಯರ ಕೆಲಸ, ಸಾಮಾನ್ಯರಿಗೆ ಇದನ್ನು ಹೇಳಿದರೆ ಹೆದರಿ ಇದ್ದ ಮದ್ದನ್ನೂ ಬಿಡುತ್ತಾರೆ ಎಂದು. ಈ ಭಯ ಸುಳ್ಳಲ್ಲ. ಆದ್ದರಿಂದ ಸ್ಪಷ್ಟವಾಗಿ ಹೇಳುತ್ತೇವೆ: ಯಾರೂ ಸ್ವಂತ ಬುದ್ಧಿಯಿಂದ ಮದ್ದು ನಿಲ್ಲಿಸಬಾರದು. ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್ ಮುಂತಾದವನ್ನು ಒಮ್ಮೆಲೇ ಬಿಟ್ಟರೆ ಬೇರೆ ತೊಂದರೆ ಬರುತ್ತದೆ, ಅವನ್ನು ವೈದ್ಯರು ಹಂತಹಂತವಾಗಿ ಇಳಿಸಬೇಕು. ಆದರೆ ವೈದ್ಯರು ಕಾಣದ ಮಾತ್ರೆಯನ್ನು ವೈದ್ಯರು ಇಳಿಸುವುದು ಹೇಗೆ? ಐದು ನಿಮಿಷದಲ್ಲಿ ಐವತ್ತು ರೋಗಿಗಳ ಸಾಲನ್ನು ನೋಡುತ್ತ ಕುಳಿತವರ ಮುಂದೆ ಚೀಲವನ್ನು ಇಡಬೇಕಾದವರು ಮನೆಯವರೇ.

ಆದುದರಿಂದ ಪ್ರತಿಯೊಂದು ಮನೆಯಲ್ಲಿ ಹಿರಿಯರಿಗೆ ಒಂದೇ ಮದ್ದಿನ ಚೀಲವಿರಲಿ. ಮಾತ್ರೆ, ಸಿರಪ್, ಕಣ್ಣಿನ ಹನಿ, ಇನ್‌ಹೇಲರ್, ಕಷಾಯದ ಪುಡಿ, ಅಂಗಡಿಯಿಂದ ತಂದ ಶೀತದ ಮಾತ್ರೆ, ಎಲ್ಲವೂ ಅದರಲ್ಲೇ ಇರಲಿ. ಯಾವ ವೈದ್ಯರಲ್ಲಿಗೆ ಹೋದರೂ ಚೀಲ ಜೊತೆಗಿರಲಿ. ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡಿ: ಮದ್ದಿನ ಹೆಸರು, ಯಾತಕ್ಕೆ, ಯಾರು ಕೊಟ್ಟದ್ದು, ಯಾವಾಗ ಶುರು, ಯಾವಾಗ ಮುಗಿಯಬೇಕು. ಹೊಸ ಮಾತ್ರೆ ಬಂದ ಮೇಲೆ ಒಂದೆರಡು ವಾರದಲ್ಲಿ ನಾಲಗೆ ಒಣಗಿದರೆ, ಮೂತ್ರ ಕಟ್ಟಿದರೆ, ಮಲ ಕಟ್ಟಿದರೆ, ಮಾತು ತಪ್ಪಿದರೆ, ಬಿದ್ದರೆ, ಅದನ್ನೂ ಬರೆದು ವೈದ್ಯರಿಗೆ ಹೇಳಿ. "ಈ ಮಾತ್ರೆಯಿಂದ ಆಗಿರಬಹುದೇ?" ಎಂದು ಕೇಳುವುದು ವೈದ್ಯರಿಗೆ ಅವಮಾನವಲ್ಲ. ಒಮ್ಮೆಲೇ ಬಂದ ಗಲಿಬಿಲಿ ಸೋಂಕಿನಿಂದಲೋ, ಸಕ್ಕರೆ ಏರುಪೇರಿನಿಂದಲೋ, ಉಪ್ಪಿನಂಶ ಇಳಿದುದರಿಂದಲೋ ಆಗಿರಲೂಬಹುದು. ಹೇಗಿದ್ದರೂ ಅದು ಆಸ್ಪತ್ರೆಗೆ ಹೋಗಬೇಕಾದ ಸಂಗತಿಯೇ ಹೊರತು ನಗುವ ಸಂಗತಿಯಲ್ಲ.

ನಮ್ಮ ಧರ್ಮಕೇಂದ್ರಕ್ಕೆ ಒಂದು ವಿನಂತಿ. ನಮ್ಮ ಮನೆಮನೆಗಳಿಂದ ನರ್ಸುಗಳು ದೇಶ ವಿದೇಶಗಳಿಗೆ ಹೋಗಿದ್ದಾರೆ. ನಿವೃತ್ತರಾಗಿ ಬಂದವರೂ ಇದ್ದಾರೆ. ಹಿರಿಯರ ಆದಿತ್ಯವಾರದಂದು ಪೂಜೆಯ ಬಳಿಕ ಅವರಲ್ಲಿ ಕೆಲವರು ಸಭಾಭವನದಲ್ಲಿ ಒಂದು ಗಂಟೆ ಕುಳಿತುಕೊಳ್ಳಲಿ. ಹಿರಿಯರು ಚೀಲ ತರಲಿ. ನರ್ಸುಗಳು ಮದ್ದು ಬದಲಿಸುವುದು ಬೇಡ, ಪಟ್ಟಿ ಬರೆದುಕೊಟ್ಟು ವೈದ್ಯರಿಗೆ ತೋರಿಸಲು ಹೇಳಿದರೆ ಸಾಕು. ಪ್ರತಿ ವಾಳೆಯ ಗುರಿಕಾರರು ನಡೆಯಲಾಗದವರ ಮನೆಗಳನ್ನು ಗುರುತಿಸಲಿ. ಕೇರಳ ಸರಕಾರ 2008ರಲ್ಲಿ ದೇಶದಲ್ಲೇ ಮೊದಲಿಗೆ ಪಾಲಿಯೇಟಿವ್ ಶುಶ್ರೂಷೆಯ ನೀತಿ ತಂದಿತು. ಪಂಚಾಯತಿನ ಮೂಲಕ ಮನೆಗೆ ಬರುವ ಆ ನರ್ಸುಗಳಿಗೂ ಈ ಪಟ್ಟಿ ತೋರಿಸಬಹುದು. ಇದಕ್ಕೆ ದೇಣಿಗೆ ಸಂಗ್ರಹವೂ ಬೇಡ, ಉದ್ಘಾಟನೆಯೂ ಬೇಡ.

ಆ ಅಜ್ಜಿಯ ಸಂಗತಿ ಮುಗಿಸುತ್ತೇವೆ. ಮೊಮ್ಮಗಳು ಪಟ್ಟಿ ಬರೆದು ವೈದ್ಯರ ಮುಂದಿಟ್ಟಳು. ಅವರು ಶೀತದ ಮಾತ್ರೆಯನ್ನು ಅಂದೇ ನಿಲ್ಲಿಸಿದರು, ಮೂತ್ರದ ಮಾತ್ರೆಯನ್ನು ಬೇರೆ ಬಗೆಯದಕ್ಕೆ ಬದಲಿಸಿದರು, ಪಾದದುರಿಯ ಮಾತ್ರೆಯನ್ನು ವಾರವಾರ ಇಳಿಸಿದರು. ಒಂದೂವರೆ ತಿಂಗಳಲ್ಲಿ ಅಂಗಳದ ಮಗು ಕಾಣಿಸುವುದು ನಿಂತಿತು. ರಾತ್ರಿಯ ನಿದ್ರೆ ಮರಳಿತು. ಎಲ್ಲವೂ ಮೊದಲಿನಂತಾಯಿತು ಎಂದು ನಾವು ಹೇಳುವುದಿಲ್ಲ. ಪ್ರಾಯಕ್ಕೆ ತಕ್ಕ ಮರೆವು ಇದೆ, ಪಾದದ ಉರಿ ಸ್ವಲ್ಪ ಉಳಿದಿದೆ, ಮುರಿದ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಆದರೆ ಅಕ್ಟೋಬರಿನ ಜಪಸರದ ತಿಂಗಳಲ್ಲಿ ಅವರು ಮತ್ತೆ ತಮ್ಮ ಜಾಗದಲ್ಲಿ ಕುಳಿತು ಹೇಳಿಸಿದರು. ಒಂದೆಡೆ ತಡವರಿಸಿದಾಗ ಮೊಮ್ಮಗ ಮೆಲ್ಲನೆ ಎತ್ತಿಕೊಟ್ಟ. ಆಶ್ರಮದ ಮಾತನ್ನು ಆ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ಎತ್ತಿದ್ದಕ್ಕಾಗಿ ಮಗ ಇಂದಿಗೂ ನೊಂದುಕೊಳ್ಳುತ್ತಾರೆ.

ತಂದೆಯ ಬುದ್ಧಿ ಮಂಕಾದರೂ ತಾಳ್ಮೆಯಿಂದಿರಬೇಕೆಂದು ಸಿರಾಖನ ಗ್ರಂಥದ ಮೂರನೆಯ ಅಧ್ಯಾಯ ಮಕ್ಕಳಿಗೆ ಬುದ್ಧಿ ಹೇಳುತ್ತದೆ. ಅದೇ ಗ್ರಂಥ ಮುಂದೆ ವೈದ್ಯರನ್ನೂ ಮದ್ದನ್ನೂ ಗೌರವಿಸಲು ಹೇಳುತ್ತದೆ. ಎರಡೂ ಮಾತು ಒಟ್ಟಿಗೆ ಹೋಗಬೇಕು. ತಾಳ್ಮೆಯೆಂದರೆ ಎಲ್ಲವನ್ನೂ ಪ್ರಾಯದ ತಲೆಗೆ ಕಟ್ಟಿ ಸಹಿಸಿಕೊಂಡಿರುವುದಲ್ಲ. ಮದ್ದನ್ನು ಗೌರವಿಸುವುದೆಂದರೆ ಕಣ್ಣುಮುಚ್ಚಿ ನುಂಗಿಸುವುದೂ ಅಲ್ಲ. ನಮ್ಮನ್ನು ಎತ್ತಿ ಆಡಿಸಿ, ಪ್ರಾರ್ಥನೆ ಕಲಿಸಿದವರ ಮನಸ್ಸು ಮಬ್ಬಾಗುತ್ತಿದ್ದರೆ, ಕಾರಣವೇನೆಂದು ಒಮ್ಮೆಯಾದರೂ ಹುಡುಕುವ ಋಣ ನಮ್ಮ ಮೇಲಿದೆ. ಈ ಆದಿತ್ಯವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ಊಟಕ್ಕೆ ಕೂರುವ ಮೊದಲು ಆ ಚೀಲವನ್ನು ಒಮ್ಮೆ ಮೇಜಿನ ಮೇಲೆ ಸುರಿಯೋಣ.